ಕ್ಯಾರಿಗಿಂತ ಮೊದಲು ಯಾರೂ ಹೋಗಿರಲಿಲ್ಲವೇ?

"1793ರಲ್ಲಿ ವಿಲಿಯಂ ಕ್ಯಾರಿ ಬಂಗಾಳಕ್ಕೆ ಬರುವ ತನಕ ಪ್ರೊಟೆಸ್ಟೆಂಟರು ಹೊರದೇಶಕ್ಕೆ ಮಿಷನರಿಗಳನ್ನು ಕಳಿಸಿಯೇ ಇರಲಿಲ್ಲ, ಕ್ಯಾಥೊಲಿಕರ ವಸಾಹತುಗಳತ್ತ ತಲೆ ಹಾಕಿಯೂ ಮಲಗಿರಲಿಲ್ಲ" ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ನಮ್ಮ ಪಕ್ಕದ ತಮಿಳುನಾಡಿನ ತರಂಗಂಬಾಡಿಗೇ 1706ರಲ್ಲಿ ಜರ್ಮನಿಯ ಪ್ರೊಟೆಸ್ಟೆಂಟ್ ಮಿಷನರಿ ಝೀಗೆನ್‌ಬಾಲ್ಗ್ ಬಂದಿಳಿದಿದ್ದರು. ಅದು ಡೆನ್ಮಾರ್ಕಿನ ಡೇನರ ಊರು, ಕ್ಯಾಥೊಲಿಕರದಲ್ಲ, ಇರಲಿ. ಕ್ಯಾಥೊಲಿಕ್ ಪೋರ್ಚುಗಲ್ ತನ್ನದೆನ್ನುತ್ತಿದ್ದ ಬ್ರೆಜಿಲ್‌ನ ಕತೆ ಇನ್ನೂ ಹಳೆಯದು. ರಿಯೊ ಬಳಿಯ ಗ್ವಾನಬಾರಾ ಕೊಲ್ಲಿಯ ದ್ವೀಪವೊಂದರಲ್ಲಿ ಫ್ರಾನ್ಸಿನ ವಿಲ್‌ಗೆನ್ಯೋ 1555ರಲ್ಲಿ ಕೋಟೆ ಕಟ್ಟಿದ. 1557ರ ಮಾರ್ಚ್‌ನಲ್ಲಿ ಜಿನೀವಾದಿಂದ ರಿಶಿಯೆ, ಶಾರ್ತಿಯೆ ಎಂಬ ಇಬ್ಬರು ಪ್ರೊಟೆಸ್ಟೆಂಟ್ ಪಾದ್ರಿಗಳು ಸಂಗಡಿಗರೊಡನೆ ಅಲ್ಲಿಗೆ ಬಂದರು. ವಸಾಹತಿನವರಿಗೆ ಉಪದೇಶ, ಜೊತೆಗೆ ಅಲ್ಲಿನ ಮೂಲನಿವಾಸಿಗಳಾದ ತುಪಿನಾಂಬಾ ಜನರ ಮತಾಂತರ, ಎರಡೂ ಅವರ ಉದ್ದೇಶ.

ಜಗಳ ಹತ್ತಿದ್ದು ಸ್ಥಳೀಯರ ಜೊತೆಗಲ್ಲ, ತಮ್ಮತಮ್ಮಲ್ಲೇ! ಪ್ರಭುಭೋಜನದ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ದ್ರಾಕ್ಷಾರಸಕ್ಕೆ ನೀರು ಬೆರೆಸಬೇಕೇ, ದೀಕ್ಷಾಸ್ನಾನದ ನೀರಿಗೆ ಉಪ್ಪು, ಎಣ್ಣೆ ಹಾಕಬೇಕೇ ಎಂಬಲ್ಲಿಂದ ಶುರುವಾಗಿ, ಕೊನೆಗೆ ವಿಲ್‌ಗೆನ್ಯೋ ಜಿನೀವಾದವರನ್ನು ದ್ವೀಪದಿಂದಲೇ ಹೊರಹಾಕಿದ. 1558ರ ಆರಂಭದಲ್ಲಿ ಊರಿಗೆ ಹೊರಟ ಹಡಗು ಸೋರತೊಡಗಿದಾಗ ಐವರು ದೋಣಿಯಲ್ಲಿ ಮರಳಿದರು. ಅವರಲ್ಲಿ ಮೂವರನ್ನು ವಿಲ್‌ಗೆನ್ಯೋ ಕೊಲ್ಲಿಸಿದ. ಒಬ್ಬ ಉಳಿದದ್ದು ದರ್ಜಿ ಎಂಬ ಕಾರಣಕ್ಕೆ. ಕೋಟೆಯಲ್ಲಿ ಬಟ್ಟೆ ಹೊಲಿಯುವವರು ಬೇಕಿತ್ತಲ್ಲ.

ಮತಾಂತರದ ಲೆಕ್ಕದಲ್ಲಿ ಈ ಯತ್ನ ಸೋತದ್ದೇ ಸರಿ. 1560ರಲ್ಲಿ ಪೋರ್ಚುಗೀಸರು ಕೋಟೆಯನ್ನೂ ಕೆಡವಿದರು. ಆದರೆ ಸೋತದ್ದು ಬೇರೆ, ನಡೆದೇ ಇರಲಿಲ್ಲ ಎನ್ನುವುದು ಬೇರೆ. ಮುಂದೆ 1630ರಿಂದ 1654ರವರೆಗೆ ಈಶಾನ್ಯ ಬ್ರೆಜಿಲ್ ಡಚ್ಚರ ಕೈಯಲ್ಲಿದ್ದಾಗ ಅವರ ಪ್ರೊಟೆಸ್ಟೆಂಟ್ ಪಾದ್ರಿಗಳು ಅಲ್ಲಿನ ಮೂಲನಿವಾಸಿ ಪೊತಿಗ್ವಾರಾ ಜನರ ಹಳ್ಳಿಗಳಲ್ಲೇ ಕೆಲಸ ಮಾಡಿದರು.