ಪರ–ವಿರೋಧ: ಇಡಿಎಂ (ಎಲೆಕ್ಟ್ರಾನಿಕ್ ನೃತ್ಯ ಸಂಗೀತ) ಕಟ್ಟುವ ಪ್ರೊಡ್ಯೂಸರ್‌ಗೆ ಚೊಚ್ಚಲ ಆಲ್ಬಮ್ ಬೇಕೇ?

ಪರ: ಬೇಕೇ ಬೇಕು

ಒಂದು ಸಿಂಗಲ್ (ಬಿಡಿ ಹಾಡು) ಯಾರು ಬೇಕಾದರೂ ಮಾಡಿಯಾರು. ಹತ್ತು ಹಾಡು ಸಾಲಾಗಿ ಕೇಳಿಸಿದಾಗಲೇ ಬಂಡವಾಳ ಬಯಲಾಗುವುದು. ಎಲ್ಲವೂ 128 ಬಿಪಿಎಂ (ನಿಮಿಷಕ್ಕೆ ಅಷ್ಟು ಬಡಿತ), ಎಲ್ಲದಕ್ಕೂ ಅದೇ ಕಿಕ್ (ದಪ್ಪ ಡ್ರಮ್ಮಿನ ಏಟು), ಡ್ರಾಪ್ (ತಡೆದಿಟ್ಟ ತಾಳ ಒಮ್ಮೆಲೇ ಧುಮುಕುವ ಜಾಗ) ಬರುವುದೂ ಅದೇ ಹೊತ್ತಿಗೆ. ಬಿಡಿಬಿಡಿಯಾಗಿ ಬಂದರೆ ಇದು ಗೊತ್ತೇ ಆಗದು. ಆಲ್ಬಮ್‌ನಲ್ಲಿ ಮೂರನೇ ಹಾಡಿಗೇ ಆಕಳಿಕೆ.

ಹಳೆಯ ಸಿಂಗಲ್‌ಗಳನ್ನು ಪೋಣಿಸಿದರೆ ಆಲ್ಬಮ್ ಆಗುವುದಿಲ್ಲ, ಅದೂ ನಿಜ. ಒಂದರ ಸಬ್‌ಬಾಸ್ (ತೀರಾ ಕೆಳಗಿನ ದನಿ) ಉಬ್ಬಿರುತ್ತದೆ, ಮುಂದಿನದರ ಹೈಹ್ಯಾಟ್ (ತಾಳದ ಚಿಕ್ಕ ಸಿಂಬಲ್) ಕಿವಿ ಕೊರೆಯುತ್ತದೆ. ಎಲ್ಲ ದನಿ ಕೂಡುವ ಮಾಸ್ಟರ್ ಚಾನೆಲ್‌ನಿಂದ ಲಿಮಿಟರ್ (ದನಿ ಮಿತಿ ಮೀರದಂತೆ ತಡೆಯುವ ಸಾಧನ) ತೆಗೆದು, ಪೀಕ್ (ಅತಿ ಜೋರಿನ ಕ್ಷಣ) −6 ಡೆಸಿಬೆಲ್ ಆಸುಪಾಸಿನಲ್ಲಿಟ್ಟು, 24 ಬಿಟ್‌ನಲ್ಲಿ ಮತ್ತೆ ಬೌನ್ಸ್ ಮಾಡಿ (ಒಂದೇ ಫೈಲ್ ಆಗಿ ಇಳಿಸಿ), ಎಲ್ಲವನ್ನೂ ಒಂದೇ ಸೆಷನ್‌ನಲ್ಲಿ ಮಾಸ್ಟರ್ ಮಾಡಬೇಕು, ಅಂದರೆ ಕೊನೆಯ ಹದ ಕೊಡಬೇಕು. ಕಂಪ್ಯೂಟರಿನಲ್ಲಿ ಹಳೆಯ ಪ್ರಾಜೆಕ್ಟ್ ತೆರೆದರೆ ಪ್ಲಗಿನ್ (ದನಿ ಹುಟ್ಟಿಸುವ ಸಾಫ್ಟ್‌ವೇರ್) ಅಪ್‌ಡೇಟ್ ಆಗಿ ಸಿಂಥಸೈಸರ್‌ನ ದನಿಯೇ ಬದಲಾಗಿರುತ್ತದೆ. ಹಾಡು ಮುಗಿದ ದಿನವೇ ಪ್ರತಿ ವಾದ್ಯದ ಟ್ರ್ಯಾಕನ್ನೂ ವೇವ್ (ಧ್ವನಿ) ಫೈಲ್ ಮಾಡಿಟ್ಟವನು ಬಚಾವ್. ನಿಧಾನದ ಹಾಡನ್ನು ಎರಡು ಡೆಸಿಬೆಲ್ ತಗ್ಗಿಸಿಯೇ ಇಡಿ. ಆಲ್ಬಮ್ ಪೂರ್ತಿ ಹಾಕಿಕೊಂಡಾಗ ಸ್ಪಾಟಿಫೈ ಆ ಏರಿಳಿತವನ್ನು ಉಳಿಸುತ್ತದೆ. ಪ್ಲೇಲಿಸ್ಟ್‌ಗೆ ಸಿಕ್ಕರೆ ಎಲ್ಲವೂ −14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಸ.

2013ರ ಮಾರ್ಚ್‌ನಲ್ಲಿ ಮಯಾಮಿಯ ಅಲ್ಟ್ರಾ ಇಡಿಎಂ ಉತ್ಸವದಲ್ಲಿ ಸ್ವೀಡನ್ನಿನ ಡಿಜೆ ಅವೀಚಿ ವೇದಿಕೆಗೆ ಬ್ಯಾಂಜೋ, ಗಿಟಾರ್ ವಾದಕರನ್ನು ತಂದಾಗ ಕುಣಿಯಲು ಬಂದವರು ಕಕ್ಕಾಬಿಕ್ಕಿ. ಸೆಪ್ಟೆಂಬರ್‌ನಲ್ಲಿ ಚೊಚ್ಚಲ ಆಲ್ಬಮ್ ‘ಟ್ರೂ’ ಬಂತು. ‘ವೇಕ್ ಮಿ ಅಪ್’ನಲ್ಲಿ ಸೋಲ್ ಗಾಯಕ ಅಲೋ ಬ್ಲ್ಯಾಕ್, ‘ಹೇ ಬ್ರದರ್’ನಲ್ಲಿ ಬ್ಲೂಗ್ರಾಸ್ (ಅಮೆರಿಕದ ಜನಪದ ಶೈಲಿ) ಗಾಯಕ ಡ್ಯಾನ್ ಟಿಮಿನ್‌ಸ್ಕಿ. ಅಕ್ಕಪಕ್ಕ ಕೇಳಿದ ಮೇಲೆ ಅದು ಹುಡುಗಾಟವಲ್ಲ, ದಾರಿ ಎಂದು ತಿಳಿಯಿತು. ಸಿಂಗಲ್ ಒಂದೇ ಬಂದಿದ್ದರೆ ತಮಾಷೆ ಎಂದು ಮರೆತುಬಿಡುತ್ತಿದ್ದರು.

‘ಡಿಜೆಗೆ ಆಲ್ಬಮ್ ಯಾಕೆ?’ ಅನ್ನುತ್ತಾರೆ. ಡಿಜೆಗೆ ಬೇಕಾದ್ದಷ್ಟೇ ಸಾಕೆಂದರೆ ಬರೀ ಕಿಕ್ ಮಾರಿಕೊಂಡಿರಬಹುದಲ್ಲ!

ವಿರೋಧ: ಸಿಂಗಲ್ ಸಾಕು

ವಿರೋಧದ ಪಾಲು ನನ್ನದು, ಒಪ್ಪಿಸುತ್ತೇನೆ.

128 ಬಿಪಿಎಂನಲ್ಲಿ 16 ಬಾರ್ (ಒಂದು ಬಾರ್‌ಗೆ ನಾಲ್ಕು ಬಡಿತ) ಅಂದರೆ ಸರಿಯಾಗಿ 30 ಸೆಕೆಂಡ್. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಲು ಡಿಜೆಗೆ 32 ಬಾರ್‌ಗಳ ಬರೀ ತಾಳ ಸಿಕ್ಕರೆ ಆರಾಮ, ಒಂದು ನಿಮಿಷ. ಆಲ್ಬಮ್‌ಗೆಂದು ಮೂರೂವರೆ ನಿಮಿಷಕ್ಕೆ ಕತ್ತರಿಸುವಾಗ ಮೊದಲು ಹೋಗುವುದೇ ಆ ಭಾಗ. ಉಳಿದದ್ದು ಕಾರಿನಲ್ಲಿ ಕೇಳಲು ಚೆಂದ, ಡಿಜೆ ಕನ್ಸೋಲ್‌ನಲ್ಲಿ ಕೆಲಸಕ್ಕೆ ಬಾರದು.

ವಿನೈಲ್ (ಗ್ರಾಮಫೋನ್ ತಟ್ಟೆ) ಇನ್ನೂ ನಿಷ್ಠುರ. ಬಾಸ್ ಜೋರಾದಷ್ಟೂ ಗ್ರೂವ್ (ಸೂಜಿ ಓಡುವ ಗೀರು) ಅಗಲವಾಗುತ್ತದೆ, ಜಾಗ ತಿನ್ನುತ್ತದೆ. ನಿಮಿಷಕ್ಕೆ 45 ಸುತ್ತು ತಿರುಗುವ ಹನ್ನೆರಡು ಇಂಚಿನ ತಟ್ಟೆಯಲ್ಲಿ ಬದಿಗೊಂದೇ ಹಾಡಿದ್ದರೆ ಕಿಕ್ ಎದೆಗೇ ಬಡಿಯುತ್ತದೆ. ಎಲ್‌ಪಿಯ (ಆಲ್ಬಮ್ ತಟ್ಟೆಯ) ಒಂದು ಬದಿಗೆ 25 ನಿಮಿಷ ತುರುಕಿದರೆ ಲೆವೆಲ್ ಇಳಿಸದೆ ವಿಧಿಯಿಲ್ಲ. ಈ ಸಂಗೀತದ ಜೀವವೇ ಅಲ್ಲಿ ಸೊರಗುತ್ತದೆ.

ಅವೀಚಿಯ ಮಾತು ಬಿಡಿ, ಅಂಥವರು ಏನು ಮಾಡಿದರೂ ನಡೆಯುತ್ತದೆ. ಫ್ರಾನ್ಸಿನ ಜೋಡಿ ಡಾಫ್ಟ್ ಪಂಕ್‌ನ ‘ಡಾ ಫಂಕ್’ 1995ರಲ್ಲೇ ಸಿಂಗಲ್ ಆಗಿ ಬಂದಿತ್ತು, ಚೊಚ್ಚಲ ಆಲ್ಬಮ್ ‘ಹೋಮ್‌ವರ್ಕ್’ ಬಂದದ್ದು 1997ರ ಜನವರಿಯಲ್ಲಿ. ಅದರ 16 ಟ್ರ್ಯಾಕ್‌ಗಳನ್ನು ವಿನೈಲ್‌ನ ನಾಲ್ಕು ಬದಿಗೆ ಹಂಚಿದರು, ಬಾಸ್ ಉಳಿಯಿತು. ಹಾಗೆ ಹಂಚುವುದಾದರೆ ನನ್ನದೇನೂ ತಕರಾರಿಲ್ಲ. ಎಕ್ಸ್‌ಟೆಂಡೆಡ್ ಮಿಕ್ಸ್‌ಗಳನ್ನು (ಡಿಜೆಗೆ ಬೇಕಾದ ತಾಳದ ಭಾಗ ಉಳಿಸಿದ ಉದ್ದ ಆವೃತ್ತಿ) ಮಾತ್ರ ಬೇರೆಯಾಗಿ ಕೊಡಿ.