ಸುಡದ ಉರಿ

ಮೆಣಸಿನಕಾಯಿ ಹೆಚ್ಚಿದ ಕೈಯನ್ನು ಮೂರು ಸಲ ತೊಳೆದುಕೊಂಡೇ ಕಣ್ಣುಜ್ಜಿದ್ದೆ. ಆಮೇಲೆ ಕಾಲು ಗಂಟೆ ಕುಣಿದ ಕುಣಿತಕ್ಕೆ ತಾಳ ಹಾಕುವವರು ಇರಲಿಲ್ಲ, ಅಷ್ಟೇ. ತೊಳೆದದ್ದು ನಿಜ, ಆದರೆ ಬರೀ ನೀರಲ್ಲಿ. ಖಾರದ ಜೀವಾಳವಾದ ಕ್ಯಾಪ್ಸೈಸಿನ್‌ಗೂ ನೀರಿಗೂ ಅಷ್ಟಕ್ಕಷ್ಟೆ. ಅದು ಕರಗುವುದು ಎಣ್ಣೆ, ಕೊಬ್ಬು, ಮದ್ಯಸಾರದಲ್ಲಿ. ಬಾಯಿ ಉರಿದಾಗ ಚೊಂಬುಗಟ್ಟಲೆ ನೀರು ಕುಡಿಯುವವರು ಒದ್ದಾಡುತ್ತಲೇ ಇರುತ್ತಾರೆ. ಒಂದು ಲೋಟ ಹಾಲು ಕುಡಿದವರು ಬಚಾವು.

ಖಾರವೆಲ್ಲ ಬೀಜದಲ್ಲಿದೆ ಎಂದು ನಂಬಿ ಎಷ್ಟು ಬೀಜ ಕೆರೆದು ಎಸೆದಿದ್ದೇನೋ! ಅದು ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಂತೆ. ಪಾಪ, ಬೀಜಗಳದ್ದು ಸಹವಾಸದೋಷ.

ಇನ್ನೊಂದು ತಮಾಷೆಯೆಂದರೆ ಇದು ಸುಡುವುದೇ ಇಲ್ಲ. ನಮ್ಮ ನರಗಳ ತುದಿಯಲ್ಲಿ ಪುಟ್ಟ ಬಾಗಿಲುಗಳಿವೆ. ಬಿಸಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅವು ತೆರೆದುಕೊಂಡು, 'ಸುಡ್ತಿದೆ' ಎಂದು ಮಿದುಳಿಗೆ ಸುದ್ದಿ ಹೋಗುತ್ತದೆ. ಕ್ಯಾಪ್ಸೈಸಿನ್ ಅದೇ ಬಾಗಿಲಿಗೆ ಕಳ್ಳಕೀಲಿ ಹಾಕುತ್ತದೆ. 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ ಈ ಬಾಗಿಲನ್ನು ಪತ್ತೆ ಹಚ್ಚಿತು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. 'ಬಾಯಿ ಉರೀತಿದೆ' ಎಂದು ನಾವು ಮೊದಲಿನಿಂದಲೂ ಹೇಳುತ್ತಲೇ ಇದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಕ್ಕಿಗಳ ಬಾಗಿಲಿಗೆ ಈ ಕೀಲಿ ಹೊಂದುವುದಿಲ್ಲ. ಹಣ್ಣು ನುಂಗಿ ಬೀಜವನ್ನು ಇಡಿಯಾಗಿ ದೂರಕ್ಕೆ ಸಾಗಿಸುವ ಹಕ್ಕಿಗೆ ಔತಣ, ಬೀಜವನ್ನು ಅರೆದುಹಾಕುವ ಹಲ್ಲಿನವರಿಗೆ ಉರಿ. ಗಿಡದ ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಕಣ್ಣು ಮೂಗಲ್ಲಿ ನೀರು ಸುರಿಸುತ್ತ 'ಇನ್ನೊಂದು ಹಾಕಿ' ಎನ್ನುವ ಪ್ರಾಣಿಯೊಂದು ಬರುತ್ತದೆಂದು ಅದಕ್ಕೇನು ಗೊತ್ತು?

ಆ ಪ್ರಾಣಿ ಇದನ್ನು ಪುಂಡರ ಮುಖಕ್ಕೆ ಸಿಂಪಡಿಸುವ ಅಸ್ತ್ರ ಮಾಡಿಕೊಂಡಿತು, ಆನೆಗಳನ್ನು ಹೊಲದಿಂದ ದೂರವಿಡಲು ಬೇಲಿಗೆ ಬಳಿಯಿತು. ನನಗೆ ಹೆಚ್ಚು ಸೋಜಿಗವೆನಿಸುವುದು ಮಾತ್ರ ನೋವಿನ ಮುಲಾಮು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಕೆಲಸ ಅದು. 'ಉರಿ, ಉರಿ' ಎಂದು ಕೂಗಿ ಕೂಗಿ ನರದ ತುದಿ ಸೋತು, ಕೆಲಕಾಲ ನೋವಿನ ಸುದ್ದಿಯನ್ನೇ ಕಳಿಸದೆ ಸುಮ್ಮನಾಗುತ್ತದೆ. ಸರ್ಪಸುತ್ತು ಮಾಗಿದ ಮೇಲೂ ಬಿಡದೆ ಕಾಡುವ ನರನೋವಿಗೆ ಶೇ. 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನೇ ಅಂಟಿಸುತ್ತಾರೆ. ಅಂಟಿಸುವವರು ಕೈಗವಸು ಹಾಕಿರಬೇಕು. ಅದೂ ಲ್ಯಾಟೆಕ್ಸ್ ಗವಸು ಸಾಲದು, ನೈಟ್ರೈಲ್‌ನದೇ ಆಗಬೇಕು. ನಾನೋ, ನಲ್ಲಿ ನೀರನ್ನು ನಂಬಿದ್ದೆ.