ಕರಡಿಗೆ ಜೈ

ನಮ್ಮ ಉತ್ತರ ಕನ್ನಡದಲ್ಲಿ ಘಟ್ಟದ ಮೇಲೆ ಅಡಿಕೆ ಬೆಳೆಯುತ್ತದೆ, ಕೆಳಗೆ ಬಂಗಡೆ ಸಿಗುತ್ತದೆ. ಅಡಿಕೆಗೆ ಕೊಳೆ ಬರಬಹುದು, ಬಂಗಡೆ ಬಲೆಗೆ ಬೀಳದೇ ಇರಬಹುದು. ಯಾವ ರೋಗವೂ ತಗುಲದೆ, ಮಳೆ ಹೆಚ್ಚಾದರೂ ಕಮ್ಮಿಯಾದರೂ ಕೈಕೊಡದ ಬೆಳೆ ಒಂದಿದೆ. ಅದು ವರದಿ. ಕಾಳಿ ನದಿಯ ಮೇಲೆ ವರದಿ, ಬೇಡ್ತಿ ಮೇಲೆ ವರದಿ, ಅಘನಾಶಿನಿ ಮೇಲೆ ವರದಿ, ಶರಾವತಿಯ ಸಿಂಗಳೀಕದ ಮೇಲೆ ವರದಿ, ಸಿದ್ದಾಪುರದ ಕತ್ತಲೆಕಾನಿನಲ್ಲಿ ಕೆಸರೊಳಗೆ ಬೇರು ಮೇಲೆತ್ತಿ ನಿಂತ ರಾಮಪತ್ರೆ ಜಾತಿಯ ಮರಗಳ ಮೇಲೂ ವರದಿ. ಕುಮಟಾದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯದ್ದೇ ಒಂದು ಕ್ಷೇತ್ರ ಕೇಂದ್ರ ಇದೆ. ಸಂಶೋಧಕರನ್ನು ನಾನು ಬೈಯುತ್ತಿಲ್ಲ. ಪಾಪ, ಅವರು ಉಂಬಳಕ್ಕೆ ರಕ್ತ ಕೊಟ್ಟು ಕಾಡು ಸುತ್ತಿ ಬರೆದದ್ದು. ತಮಾಷೆ ಶುರುವಾಗುವುದು ಬರೆದು ಮುಗಿದ ಮೇಲೆ.

ಪಶ್ಚಿಮ ಘಟ್ಟ ಉಳಿಸುವ ದಾರಿ ಹೇಳಿ ಎಂದು ಕೇಂದ್ರ ಸರ್ಕಾರ ಮಾಡಿದ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಸಮಿತಿಯನ್ನೇ ತಗೊಳ್ಳಿ. 2010ರಲ್ಲಿ ಸಮಿತಿ ಆಯಿತು, 2011ರ ಆಗಸ್ಟ್‌ನಲ್ಲಿ ವರದಿ ಕೇಂದ್ರದ ಕೈ ಸೇರಿತು. ಇದನ್ನು ಆಯಾ ಊರಿನ ಭಾಷೆಗೆ ತಂದು ಗ್ರಾಮಸಭೆಗಳ ಮುಂದಿಡಿ, ಜನ ಏನು ಹೇಳುತ್ತಾರೋ ಕೇಳಿ, ಆಮೇಲೆ ತೀರ್ಮಾನ ಮಾಡಿ ಅನ್ನುವುದು ಅವರ ಸಲಹೆ. ಸರ್ಕಾರಕ್ಕೆ ಆ ವರದಿಯ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಯಾರ ದೃಷ್ಟಿಯೂ ತಾಗಬಾರದೆಂದು ಒಳಗಿಟ್ಟು ಬೀಗ ಹಾಕಿತು. ಮಾಹಿತಿ ಹಕ್ಕಿನ ಅರ್ಜಿ, ಮಾಹಿತಿ ಆಯೋಗ, ಕೊನೆಗೆ ದೆಹಲಿ ಹೈಕೋರ್ಟು ಎಲ್ಲ ದಾಟಿ 2012ರ ಮೇನಲ್ಲಿ ಅದು ಹೊರಬಂತು. ಕಾಡು ಉಳಿಸುವುದು ಹೇಗೆ ಅಂತ ಬರೆದ ಕಾಗದ ಓದಲು ಕೋರ್ಟಿನ ಅಪ್ಪಣೆ ಬೇಕಾಯಿತು ಅಂದ್ರೆ ಕಾಡಿಗಿಂತ ಕಾಗದಕ್ಕೇ ರಕ್ಷಣೆ ಜಾಸ್ತಿ ಅಂತಾಯ್ತು, ಅಲ್ವಾ?

ಓದಿದ ಮೇಲೆ ಎಲ್ಲರಿಗೂ ಗಾಬರಿ. ಇದು ಜಾಸ್ತಿಯಾಯಿತು ಎಂದು, ವರದಿಯನ್ನು ಪರಿಶೀಲಿಸಿ ಇನ್ನೊಂದು ವರದಿ ಕೊಡಲು ಕಸ್ತೂರಿರಂಗನ್ ಸಮಿತಿ ಬಂತು. ಇಸ್ರೋದ ಅಧ್ಯಕ್ಷರಾಗಿದ್ದವರು, ಹಾಗಾಗಿ ಮೇಲಿನಿಂದ ನೋಡಿದರು. ಉಪಗ್ರಹದ ಚಿತ್ರ ಹಾಕಿ, ಘಟ್ಟದ ಸುಮಾರು 37 ಶೇಕಡಾ ಭಾಗ ಮಾತ್ರ ಸೂಕ್ಷ್ಮ ಎಂದು 2013ರ ಏಪ್ರಿಲ್‌ನಲ್ಲಿ ಹೇಳಿದರು. ಅದೂ ಜಾಸ್ತಿಯಾಯಿತು.

ಆಮೇಲೆ ಶುರುವಾಯಿತು ನೋಡಿ ಕರಡುಗಳ ಮೆರವಣಿಗೆ. 2014ರಲ್ಲಿ, ಆ ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಸಾರಲು ಕೇಂದ್ರದ ಮೊದಲ ಕರಡು ಅಧಿಸೂಚನೆ. ಕರಡಿಗೆ ಒಂದು ಅವಧಿ ಇರುತ್ತದೆ, ಅಷ್ಟರೊಳಗೆ ಅಂತಿಮ ಆಗದಿದ್ದರೆ ಸತ್ತ ಹಾಗೆ. ಸತ್ತಿತು. 2015ರಲ್ಲಿ ಮತ್ತೊಂದು, 2017ರಲ್ಲಿ ಮತ್ತೊಂದು, 2018, 2022, 2024. ಒಟ್ಟು ಆರು. ಹತ್ತು ವರ್ಷ ತುಂಬಿದರೂ ನಾಮಕರಣ ಆಗದ ಮಗು ಇದು. ಪ್ರತಿ ಸಲ ಕರ್ನಾಟಕದ ಪಾಲು ಅದೇ 20,668 ಚದರ ಕಿಲೋಮೀಟರ್. ನಡುವೆ 2022ರಲ್ಲಿ, ರಾಜ್ಯಗಳ ಆಕ್ಷೇಪಣೆ ನೋಡಲು ಇನ್ನೂ ಒಂದು ಸಮಿತಿ. ಗಾಡ್ಗೀಳರದ್ದನ್ನು ನೋಡಲು ಕಸ್ತೂರಿರಂಗನ್, ಕಸ್ತೂರಿರಂಗನ್‌ರದ್ದಕ್ಕೆ ಬಂದ ತಕರಾರು ನೋಡಲು ಇವರು, ಇವರದ್ದನ್ನು ನೋಡಲು ಯಾರು ಬರುತ್ತಾರೋ!

ಆರನೆಯ ಕರಡು ಬಂದ ತಾರೀಖು ಸ್ವಲ್ಪ ಗಮನಿಸಿ. 2024ರ ಜುಲೈ 16ಕ್ಕೆ ನಮ್ಮ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು, ಚಹಾ ಅಂಗಡಿ, ಲಾರಿ, ಜನ ಎಲ್ಲ ಗಂಗಾವಳಿ ನದಿಯ ಪಾಲಾದರು. ಜುಲೈ 30ಕ್ಕೆ ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿಯಿತು. ಜುಲೈ 31ಕ್ಕೆ ಕರಡು. ಇಂಥ ಚುರುಕು ಯಾವ ಇಲಾಖೆಗೆ ಬರುತ್ತದೆ ಹೇಳಿ. ಶಿರೂರಿನ ಗುಡ್ಡದ ಬುಡ ಕಡಿದದ್ದು ಆ ರಸ್ತೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆಲ್ಲ ಕಾಣುತ್ತಿತ್ತು. ಉಪಗ್ರಹವೂ ಬೇಡ, ಸಮಿತಿಯೂ ಬೇಡ.

ಈಗ ಊರಿನ ಕಡೆ ಬರೋಣ. ಕರಡು ಬಂದರೆ ಆಕ್ಷೇಪಣೆಗೆ 60 ದಿನ. ಪ್ರಕಟವಾಗುವುದು ಹಿಂದಿ ಮತ್ತು ಇಂಗ್ಲಿಷಿನ ರಾಜಪತ್ರದಲ್ಲಿ. ಹಾಗಾಗಿ ಓದಿದವರು ಕಮ್ಮಿ, ವಿವರಿಸುವವರು ಜಾಸ್ತಿ. ಶಿರಸಿ ಕಡೆಯ ಒಂದು ಸಭೆಯಲ್ಲಿ ಭಾಷಣ ಮಾಡಿದವರು, ಇನ್ನು ಮೇಲೆ ಗೋಬರ್ ಗ್ಯಾಸಿಗೆ ಗುಂಡಿ ತೋಡಲೂ ದೆಹಲಿಯ ಪರವಾನಗಿ ಬೇಕು, ದನ ಮೇಯಲು ಬಿಡುವ ಹಾಗಿಲ್ಲ, ತೋಟಕ್ಕೆ ಗೊಬ್ಬರ ಹಾಕುವ ಹಾಗಿಲ್ಲ ಎಂದರು. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನ ಒಬ್ಬ ಹುಡುಗ ಮೊಬೈಲಿನಲ್ಲಿ ಕರಡು ತೆರೆದು ಓದಿದ. ನಿಷೇಧ ಇರುವುದು ಗಣಿಗೆ, ಕಲ್ಲು ಕ್ವಾರಿಗೆ, ಮರಳು ತೆಗೆಯುವುದಕ್ಕೆ, ಉಷ್ಣ ವಿದ್ಯುತ್ ಸ್ಥಾವರಕ್ಕೆ, ಕೆಂಪು ಪಟ್ಟಿಯ, ಅಂದರೆ ಅತಿ ಹೆಚ್ಚು ಮಾಲಿನ್ಯ ಮಾಡುವ ಕಾರ್ಖಾನೆಗೆ, ಮತ್ತೆ 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಕ್ಕೆ.

ಕೂತಿದ್ದ ಹೆಗಡೇರೊಬ್ಬರು ಕೇಳಿದರು, “ತಮಾ, ಇಪ್ಪತ್ತು ಸಾವಿರ ಚದರ ಮೀಟರ್ ಅಂದ್ರೆ ಎಷ್ಟಾಯ್ತು?”

“ಹತ್ತಿರ ಹತ್ತಿರ ಐದು ಎಕರೆ.”

“ನನ್ನ ತೋಟವೇ ಒಂದೂವರೆ ಎಕರೆ ಮಾರಾಯ. ಅದರಲ್ಲಿ ಐದು ಎಕರೆಯ ಕಟ್ಟಡ ಎಲ್ಲಿ ಕಟ್ಟಲಿ?”

ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಭಾಷಣದವರು ಸಾವರಿಸಿಕೊಂಡು, “ಈಗ ಕಟ್ಟದಿದ್ದರೂ ಮುಂದೆ ಮೊಮ್ಮಕ್ಕಳಿಗೆ ಬೇಕಾದರೆ?” ಎಂದರು. ವಿರೋಧದ ಠರಾವು ಸರ್ವಾನುಮತದಿಂದ ಪಾಸಾಯಿತು. ಹೆಗಡೇರೂ ಕೈ ಎತ್ತಿದರು.

ಅವರನ್ನು ನೋಡಿ ನಗುವುದು ಸುಲಭ. ಆದರೆ ಹೆದರಿಕೆ ಪೂರ್ತಿ ಸುಳ್ಳಿನದ್ದಲ್ಲ. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ, ಆ ಅರ್ಜಿಯ ಜೆರಾಕ್ಸ್ ಹಿಡಿದು ಇವತ್ತಿಗೂ ಕಚೇರಿ ಸುತ್ತುವವರು ನಮ್ಮ ಪ್ರತಿ ತಾಲೂಕಿನಲ್ಲಿದ್ದಾರೆ. ಅಜ್ಜನ ಕಾಲದಿಂದ ಸೊಪ್ಪು ತಂದ ಬೆಟ್ಟದಲ್ಲಿ ಕತ್ತಿ ಹಿಡಿದು ನಿಂತಾಗ ಗಾರ್ಡ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಅದೇ ಬೆಟ್ಟದ ಪಕ್ಕ ಬಂಡೆ ಸಿಡಿಸಿದ ಸದ್ದು ಯಾರಿಗೂ ಕೇಳುವುದಿಲ್ಲ. ಹೀಗಿದ್ದಾಗ ಕಾನೂನು ಕ್ವಾರಿಗೆ ಎಂದು ಬರೆದಿದ್ದರೂ ಬೀಳುವುದು ನಮ್ಮ ತಲೆ ಮೇಲೇ ಎಂದು ಜನ ನಂಬಿದರೆ ತಪ್ಪೇನು? ಕ್ವಾರಿಯವರಿಗೆ ಇದು ಚೆನ್ನಾಗಿ ಗೊತ್ತು. ಅವರು ಭಾಷಣ ಮಾಡುವುದಿಲ್ಲ, ಶಾಮಿಯಾನದ ಖರ್ಚು ನೋಡಿಕೊಳ್ಳುತ್ತಾರೆ.

ಬೆಂಗಳೂರಿನದ್ದು ಇನ್ನೂ ಚೆಂದ. ಯಾವ ಪಕ್ಷದ ಸರ್ಕಾರ ಬಂದರೂ ಈ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಸಂಪುಟ ಸಭೆ ಸೇರಿ ಕಸ್ತೂರಿರಂಗನ್ ವರದಿಯನ್ನು ಮತ್ತೆ ತಿರಸ್ಕರಿಸಿತು. ಶಿರೂರಿನ ಲಾರಿಯೊಂದನ್ನು ಗಂಗಾವಳಿಯಿಂದ ಮೇಲೆತ್ತಿದ್ದು ಅದೇ ವಾರ.

ಯೋಚಿಸಿದರೆ ಕರಡಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ದೆಹಲಿಯವರು “ನಾವು ಹೊರಡಿಸಿದ್ದೇವೆ” ಅನ್ನಬಹುದು. ಬೆಂಗಳೂರಿನವರು “ನಾವು ತಿರಸ್ಕರಿಸಿದ್ದೇವೆ” ಅನ್ನಬಹುದು. ಗುಡ್ಡ ಕಡಿಯುವವರು “ಇನ್ನೂ ಅಂತಿಮ ಆಗಿಲ್ವಲ್ಲ” ಅನ್ನಬಹುದು. ನಮ್ಮಂಥ ಬರೆಯುವವರಿಗೂ ಎರಡು ವರ್ಷಕ್ಕೊಂದು ಅಂಕಣ. ಕಾಡು ಉಳಿದರೂ ಹೋದರೂ ಇವರಲ್ಲಿ ಯಾರಿಗೂ ಇಷ್ಟು ಲಾಭ ಇಲ್ಲ.

ಹೋದ ಕಾಡನ್ನು ವಾಪಸ್ ತರುವ ವಿದ್ಯೆಯೂ ನಮ್ಮಲ್ಲಿದೆ. ಇಲ್ಲಿ ಕಡಿದರೆ ಅಲ್ಲಿ ನೆಡುವುದು, ಪರಿಹಾರಾತ್ಮಕ ಅರಣ್ಯೀಕರಣ. ಗ್ರೇಟ್ ನಿಕೋಬಾರ್ ದ್ವೀಪದ ಮಳೆಕಾಡಿಗೆ ಬದಲಾಗಿ ಗಿಡ ನೆಡಲು ಗೊತ್ತು ಮಾಡಿದ್ದು ಹರಿಯಾಣವನ್ನು. ದ್ವೀಪದ ಹಕ್ಕಿಗಳು ರೈಲು ಹತ್ತಿ ಬರಬೇಕು ಅಂತ ಕಾಣುತ್ತದೆ. ನಮ್ಮ ಕಡೆ ಅಷ್ಟು ದೂರ ಹೋಗುವುದಿಲ್ಲ, ಬ್ಯಾಣ ಇದೆಯಲ್ಲ. ಮಳೆಗಾಲದಲ್ಲಿ ಹುಲ್ಲು ಎದ್ದು, ಕಲ್ಲಿನ ಸಂದಿಯಲ್ಲಿ ಸಣ್ಣ ಸಣ್ಣ ನೀಲಿ ಹೂವು ಬಿಟ್ಟು, ದನ ಮೇಯುವ ಜಾಗ. ಕಡತದಲ್ಲಿ ಅದು ಖಾಲಿ ಜಾಗ. ಸಾಲಾಗಿ ಗುಂಡಿ ತೋಡಿ ಅಕೇಶಿಯಾ ನೆಟ್ಟರೆ ಕಾಡು ಆಯಿತು. ಹುಲ್ಲು ಹೋಯಿತು, ದನಕ್ಕೆ ಆ ಎಲೆ ಬೇಡ, ಹಕ್ಕಿಗೂ ಹಣ್ಣಿಲ್ಲ. ಆದರೆ ಲೆಕ್ಕದಲ್ಲಿ ಹಸಿರು. ಯಾಕೆಂದರೆ ದೇಶದ ಅರಣ್ಯ ವರದಿಯ ಪ್ರಕಾರ ಕನಿಷ್ಠ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ಜಾಗದಲ್ಲಿ ಶೇಕಡಾ 10ಕ್ಕಿಂತ ಜಾಸ್ತಿ ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ, ಮರ ಯಾವುದು, ಜಾಗ ಯಾರದ್ದು ಅನ್ನುವ ಪ್ರಶ್ನೆಯೇ ಇಲ್ಲ. ಅಡಿಕೆ ತೋಟವೂ ಅದರೊಳಗೆ ಬರಬಹುದು. ಹಾಗೆ ನೋಡಿದರೆ ನಮ್ಮ ಹೆಗಡೇರ ತೋಟ ಒಂದು ಎಕರೆ ಕಮ್ಮಿ ಬಿತ್ತು, ಇಲ್ಲದಿದ್ದರೆ ಅವರಿಗೂ ಕಾಡು ಬೆಳೆಸಿದ ಪುಣ್ಯ ಸಿಗುತ್ತಿತ್ತು.

ಅಘನಾಶಿನಿಯ ಅಳಿವೆಗೆ 2024ರಲ್ಲೇ ರಾಮ್ಸಾರ್ ಪಟ್ಟ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ ಸಿಕ್ಕಿತು. ಇಳಿತದ ಹೊತ್ತಿಗೆ ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು ಆರಿಸುವ ಹೆಂಗಸರಿಗೆ ಆ ಪಟ್ಟದ ಸುದ್ದಿ ಮುಟ್ಟುವ ಎಷ್ಟೋ ವರ್ಷ ಮೊದಲೇ ತದಡಿ ಬಂದರಿನ ಸುದ್ದಿ, ಉಷ್ಣ ಸ್ಥಾವರದ ಸುದ್ದಿ ಮುಟ್ಟಿತ್ತು. ಅದರ ಮೇಲೂ ವರದಿಗಳಿವೆ.

ಮೊನ್ನೆ ಪಂಚಾಯ್ತಿ ಕಚೇರಿಗೆ ಹೋಗಿದ್ದೆ, ಮನೆ ತೆರಿಗೆ ಕಟ್ಟಲು. ಕಂಪ್ಯೂಟರಿನ ಹುಡುಗ ಫೈಲುಗಳನ್ನು ಸರಿಸುವಾಗ ‘ಕಸ್ತೂರಿ’ ಎಂಬ ಹೆಸರು ಕಂಡಿತು. ಏನಪ್ಪಾ ಇದು ಎಂದು ಕೇಳಿದೆ. ವಿರೋಧದ ಠರಾವಂತೆ. ಪ್ರತಿ ಸಲ ಹೊಸದಾಗಿ ಟೈಪ್ ಮಾಡುವುದು ಯಾಕೆಂದು ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟು ಇಟ್ಟುಕೊಂಡಿದ್ದಾನೆ.

“ಮುಂದಿನದು ಯಾವಾಗ ಬರ್ತದೆ ಅಂತ ಗೊತ್ತುಂಟಾ ಸರ್? ಒಂದು ಹತ್ತು ಪ್ರತಿ ಪ್ರಿಂಟ್ ತೆಗೆದಿಡ್ತೇನೆ. ಈಗ ಕರೆಂಟ್ ಇದೆ.”